ಶಾಲಾ ಬಸ್ ರೂಟ್‌ಗಳು ಕಂಪ್ಯೂಟರ್‌ಗೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೈ ಕೊಡುತ್ತದೆ?

ಗೋಡೆನಕ್ಷೆ

ಒಂದು ಸರ್ಕಾರಿ ಶಾಲಾ ವ್ಯವಸ್ಥೆ. ಲೆಕ್ಕಕ್ಕೆ 40 ಶಾಲೆ, 150 ಬಸ್, ಬಸ್ಸಿನಲ್ಲಿ ಬರುವ 9,000 ಮಕ್ಕಳು ಅಂತಿಟ್ಟುಕೊಳ್ಳಿ. ಪ್ರತಿ ಬಸ್ಸಿಗೂ ಬೆಳಿಗ್ಗೆ ಎರಡು ಟ್ರಿಪ್. ರೂಟ್‌ಗಳು ಸದ್ಯಕ್ಕೆ ಅರ್ಧ ಗೋಡೆಯ ನಕ್ಷೆಯಲ್ಲಿ, ಅರ್ಧ ಎಕ್ಸೆಲ್ ಹಾಳೆಯಲ್ಲಿ, ಉಳಿದದ್ದು ಹಳೇ ಡ್ರೈವರ್‌ಗಳ ತಲೆಯಲ್ಲಿ. ಮುಂದಿನ ಶಾಲಾ ವರ್ಷದಿಂದ ಎಲ್ಲವೂ ಸಾಫ್ಟ್‌ವೇರ್‌ಗೆ ಹೋಗಬೇಕು.

ಮೂರು ಪ್ರಶ್ನೆ. ಮೊದಲು ಯಾವ ಮಾಹಿತಿ ಸರಿಮಾಡಿಕೊಳ್ಳಬೇಕು? ಒಂದೇ ಸಲ ಬದಲಾಯಿಸುವುದೋ, ಹಂತ ಹಂತವಾಗಿಯೋ? "ಬಸ್‌ಗಳು ಅರ್ಧ ಖಾಲಿ ಓಡುತ್ತಿವೆ, 30 ಬಸ್ ಕಡಿಮೆ ಮಾಡಬಹುದು" ಅನ್ನುವವರಿಗೆ ಏನು ಉತ್ತರ ಕೊಡುವುದು? ಯಾವ ಕಂಪನಿಯ ಸಾಫ್ಟ್‌ವೇರ್ ಒಳ್ಳೆಯದು ಅನ್ನುವ ಜಗಳ ಈ ಎಳೆಯಲ್ಲಿ ಬೇಡ.

ಅಕ್ಷಾಂಶ_ರೇಖಾಂಶ

ಮೊದಲ ಪ್ರಶ್ನೆಗೆ ಉತ್ತರ: ಮಕ್ಕಳ ವಿಳಾಸ. ವಿಳಾಸವನ್ನು ನಕ್ಷೆಯ ಬಿಂದುವಾಗಿ ಮಾಡುವ ಕೆಲಸ ಒಂದು ಗುಂಡಿ ಒತ್ತಿದರೆ ಮುಗಿಯುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಯಂತ್ರ "98% ಸಿಕ್ಕಿದೆ" ಅಂದರೆ ಅದರಲ್ಲಿ ಎಷ್ಟು ಮನೆ ಬಾಗಿಲಿಗೆ ಸಿಕ್ಕಿವೆ, ಎಷ್ಟು ಬೀದಿಯ ನಡುವಿಗೆ, ಎಷ್ಟು ಬರೀ ಪಿನ್‌ಕೋಡ್ ಪ್ರದೇಶದ ಮಧ್ಯಬಿಂದುವಿಗೆ ಅಂತ ಬೇರೆ ಬೇರೆ ನೋಡಬೇಕು. ಮೂರನೇ ಬಗೆಯದನ್ನು ಸಿಕ್ಕಿಲ್ಲ ಎಂದೇ ಎಣಿಸಿ.

ಪಟ್ಟಿ ಬಂದ ಕೂಡಲೇ ಈ ತಪಾಸಣೆ ಮಾಡಿ. ಒಂದೇ ಬಿಂದುವಿನ ಮೇಲೆ ಐದಾರಕ್ಕಿಂತ ಹೆಚ್ಚು ಮಕ್ಕಳಿದ್ದಾರೆಯೇ? ಅಪಾರ್ಟ್‌ಮೆಂಟ್ ಆದರೆ ಸರಿ, ಇಲ್ಲದಿದ್ದರೆ ಅದು ಮಧ್ಯಬಿಂದುವೇ. ಶಾಲೆಯ ಬಿಂದುವಿನ ಮೇಲೇ ಯಾರ ಮನೆಯಾದರೂ ಕೂತಿದೆಯೇ? ವಿಳಾಸ ಖಾಲಿ ಬಿಡಲಾಗದೆ ಕಚೇರಿಯವರು ಶಾಲೆಯ ವಿಳಾಸವನ್ನೇ ತುಂಬಿರುತ್ತಾರೆ. ಅಕ್ಷಾಂಶ ರೇಖಾಂಶ ಅದಲುಬದಲಾಗಿವೆಯೇ? ಓಎಸ್‌ಆರ್‌ಎಂ ಥರದ ರೂಟಿಂಗ್ ಎಂಜಿನ್‌ಗಳು (ನಕ್ಷೆಯಲ್ಲಿ ದಾರಿ, ಸಮಯ ಲೆಕ್ಕಹಾಕುವ ತಂತ್ರಾಂಶ) ರೇಖಾಂಶವನ್ನು ಮೊದಲು ಕೇಳುತ್ತವೆ, ಮನುಷ್ಯರು ಅಕ್ಷಾಂಶವನ್ನು ಮೊದಲು ಬರೆಯುತ್ತಾರೆ. ಜೊತೆಗೆ ದಶಮಾಂಶ ಸ್ಥಾನ ಎಣಿಸಿ. ಐದು ಸ್ಥಾನ ಇದ್ದರೆ ಸುಮಾರು 1 ಮೀಟರ್ ನಿಖರತೆ, ನಾಲ್ಕಿದ್ದರೆ 11 ಮೀಟರ್, ಮೂರೇ ಇದ್ದರೆ 110 ಮೀಟರ್. ಎಕ್ಸೆಲ್‌ನಲ್ಲಿ ಯಾರೋ ಅಂಕಿಗಳನ್ನು ಮೂರು ಸ್ಥಾನಕ್ಕೆ ಮೊಟಕುಮಾಡಿದ್ದರೆ ಮಗು ಪಕ್ಕದ ಬೀದಿಗೆ ಹೋಗಿ ಕೂತಿರುತ್ತದೆ.

ಇನ್ನೊಂದು ಮಾತು. ಅಪ್ಪ ಅಮ್ಮ ಬೇರೆಯಾಗಿರುವ ಮನೆಗಳ ಮಕ್ಕಳಿಗೆ ಎರಡು ವಿಳಾಸ ಇರುತ್ತದೆ, ಸಂಜೆ ಅಜ್ಜಿ ಮನೆಗೋ ಡೇಕೇರ್‌ಗೋ ಹೋಗುವವರೂ ಇರುತ್ತಾರೆ. ಒಂದು ಮಗುವಿಗೆ ಒಂದೇ ವಿಳಾಸದ ಕಾಲಂ ಇರುವ ದಾಖಲೆ ಸಾಕಾಗುವುದಿಲ್ಲ. ಬೆಳಿಗ್ಗೆ, ಸಂಜೆ, ವಾರದ ದಿನ, ಹೀಗೆ ಐದು ದಿನಕ್ಕೆ ಎರಡರಂತೆ ಹತ್ತು ಖಾನೆ ಬೇಕು.

ಸ್ಟೇರಿಂಗ್‌ಪಕ್ಕ

ಮನೆ ಬಿಂದುವಾಯಿತು. ರಸ್ತೆ? ನಕ್ಷೆಯಲ್ಲಿರುವ ರಸ್ತೆ ಕಾರಿಗೆ. 12 ಮೀಟರ್ ಬಸ್ಸಿಗೆ ಅದೇ ರಸ್ತೆ ಬೇರೆ. ನಕ್ಷೆಗೆ ಇವನ್ನು ಕೈಯಾರೆ ಸೇರಿಸಲೇಬೇಕು:

ಕೆಳಸೇತುವೆಗಳ ಎತ್ತರ. ಬಸ್ಸಿನ ಎತ್ತರವನ್ನು ಕಂಪನಿಯ ಪುಸ್ತಕ ನೋಡಿ ಬರೆಯಬೇಡಿ, ಮೇಲಿನ ತುರ್ತುಬಾಗಿಲು, ಎಸಿ ಡಬ್ಬ ಎಲ್ಲ ಸೇರಿಸಿ ಟೇಪ್ ಹಿಡಿದು ಅಳೆಯಿರಿ. ಸಣ್ಣ ಸೇತುವೆಗಳ ತೂಕದ ಮಿತಿ, ಅದೂ ಮಕ್ಕಳು ತುಂಬಿದ ಬಸ್ಸಿನ ತೂಕಕ್ಕೆ. ಕೊನೆಯಾಗುವ ಬೀದಿಗಳು: ಮಕ್ಕಳಿರುವ ಬಸ್ಸನ್ನು ರಿವರ್ಸ್ ತೆಗೆಯುವ ಹಾಗಿಲ್ಲ ಅನ್ನುವ ನಿಯಮ ಇಟ್ಟುಕೊಂಡರೆ, ತಿರುಗಲು ಜಾಗವಿಲ್ಲದ ಬೀದಿಯೊಳಗೆ ಸ್ಟಾಪೇ ಬರಬಾರದು. ರೈಲ್ವೆ ಗೇಟು. ಸಂತೆ ದಿನ, ಪ್ರಾರ್ಥನೆ ದಿನ ಮುಚ್ಚುವ ರಸ್ತೆ. ಮಳೆ ಬಂದರೆ ನೀರು ನಿಲ್ಲುವ ತಗ್ಗು.

ಆಮೇಲೆ ಬಾಗಿಲು ಯಾವ ಬದಿ ಅನ್ನೋದು. ಬಸ್ಸಿನ ಬಾಗಿಲು ಒಂದೇ ಬದಿಗೆ. ಮಗುವಿನ ಮನೆ ರಸ್ತೆಯ ಆಚೆ ಇದ್ದರೆ ಮಗು ರಸ್ತೆ ದಾಟಬೇಕು. ನಾಲ್ಕು ಪಥದ ರಸ್ತೆ, ವೇಗದ ರಸ್ತೆಗಳಲ್ಲಿ "ಬಾಗಿಲ ಬದಿಯಲ್ಲೇ ಹತ್ತಿಸಬೇಕು" ಅಂತ ಗುರುತು ಹಾಕಿ. ಓಎಸ್‌ಆರ್‌ಎಂನಲ್ಲಿ ಇದಕ್ಕೆ ಅಪ್ರೋಚಸ್ ಅನ್ನುವ ಆಯ್ಕೆ ಇದೆ, ಅದಕ್ಕೆ ಕರ್ಬ್ ಅಂತ ಕೊಟ್ಟರೆ ಬಸ್ ಸರಿಯಾದ ಬದಿಯಿಂದಲೇ ಬರುವ ಹಾಗೆ ದಾರಿ ಹುಡುಕುತ್ತದೆ. ಎಲ್ಲ ಸ್ಟಾಪಿಗೂ ಹಾಕಬೇಡಿ, ಒಳಬೀದಿಗಳಲ್ಲೆಲ್ಲ ಬಸ್ಸು ಸುಮ್ಮನೆ ಸುತ್ತು ಹೊಡೆಯತ್ತೆ.

ಗೋಡೆನಕ್ಷೆ

ಎರಡೂ ಬರೆದುಕೊಂಡೆ. ಸ್ಟಾಪ್‌ಗಳನ್ನು ಯಂತ್ರವೇ ಆರಿಸಲಿ ಅಂತ ಬಿಡಬಹುದೇ?

ಲೆಕ್ಕದ_ಮೇಷ್ಟ್ರು

ಬಿಡಬಹುದು, ಆದರೆ ಆರಿಸಲು ಪಟ್ಟಿ ನೀವೇ ಕೊಡಬೇಕು. ಡ್ರೈವರ್‌ಗಳು, ಶಾಲೆಯವರು ಒಪ್ಪಿದ ಜಾಗಗಳ ಪಟ್ಟಿ ಮಾಡಿ, ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಇರಲಿ. ನಡಿಗೆಯ ಮಿತಿಯೊಳಗೆ ಎಲ್ಲ ಮಕ್ಕಳಿಗೂ ಒಂದೊಂದು ಸ್ಟಾಪ್ ಸಿಗುವಂತೆ ಯಂತ್ರ ಅದರಲ್ಲಿ ಕಡಿಮೆ ಸಂಖ್ಯೆಯನ್ನು ಆರಿಸಲಿ. ಮಿತಿ ವಯಸ್ಸಿನ ಮೇಲೆ ಬೇರೆ ಬೇರೆ: ಚಿಕ್ಕವರಿಗೆ 300–400 ಮೀಟರ್, ದೊಡ್ಡವರಿಗೆ 800 ಅಂತ ಇಟ್ಟು ನೋಡಿ. ದೂರವನ್ನು ಕಾಲುದಾರಿಯಲ್ಲಿ ಅಳೆಯಿರಿ, ಹಕ್ಕಿ ಹಾರುವ ದಾರಿಯಲ್ಲಲ್ಲ. ನಡುವೆ ರೈಲ್ವೆ ಹಳಿಯೋ ಕಾಲುವೆಯೋ ಇದ್ದರೆ 200 ಮೀಟರ್ ಅಂತ ಕಾಣುವುದು ಒಂದೂವರೆ ಕಿಲೋಮೀಟರ್ ಆಗಿರುತ್ತದೆ.

ರೂಟ್ ಜೋಡಿಸುವ ಗಣಿತ ಹೊಸದಲ್ಲ. ಕ್ಲಾರ್ಕ್ ಮತ್ತು ರೈಟ್ 1964ರಲ್ಲಿ ಕೊಟ್ಟ ಉಳಿತಾಯ ವಿಧಾನ ಇವತ್ತಿಗೂ ಹಲವು ಸಾಫ್ಟ್‌ವೇರ್‌ಗಳ ಒಳಗೆ ಮೊದಲ ಹೆಜ್ಜೆಯಾಗಿ ಕೂತಿದೆ. ಪ್ರತಿ ಸ್ಟಾಪಿಗೂ ಒಂದೊಂದು ಬಸ್ ಎಂದು ಆರಂಭಿಸಿ, ಎರಡು ಸ್ಟಾಪ್‌ಗಳನ್ನು ಒಂದೇ ಬಸ್ಸಿಗೆ ಸೇರಿಸಿದರೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಹೆಚ್ಚು ಉಳಿಯುವ ಜೋಡಿಯಿಂದ ಸೇರಿಸುತ್ತಾ ಹೋಗುವುದು. ಅದರ ಮೇಲೆ ಸ್ಟಾಪ್‌ಗಳನ್ನು ಅಲ್ಲಿಂದಿಲ್ಲಿಗೆ ಕದಲಿಸಿ ಸುಧಾರಿಸುವ ಹಂತಗಳು. ವ್ರೂಮ್, ಓಆರ್-ಟೂಲ್ಸ್ ಮುಂತಾದ ಉಚಿತ ಸಲಕರಣೆಗಳೂ ಇವೆ. ಯಾವುದೂ "ಇದಕ್ಕಿಂತ ಒಳ್ಳೆಯದು ಇಲ್ಲವೇ ಇಲ್ಲ" ಅನ್ನುವ ಉತ್ತರ ಕೊಡುವುದಿಲ್ಲ, ಈ ಗಾತ್ರದಲ್ಲಿ ಕೊಡಲೂ ಆಗದು. ಕೈಲಿ ಮಾಡಿದ್ದಕ್ಕಿಂತ ಬೇಗ, ಸಾಮಾನ್ಯವಾಗಿ ಚೆನ್ನಾಗಿ ಮಾಡುತ್ತದೆ, ಅಷ್ಟೇ.

ಆದರೆ ಈ ಗಣಿತವೆಲ್ಲ ನಿಂತಿರುವುದು ಸಮಯದ ಕೋಷ್ಟಕದ ಮೇಲೆ. 1,500 ಸ್ಟಾಪ್, 40 ಶಾಲೆ, 3 ಡಿಪೊ ಅಂದರೆ 1,543 ಬಿಂದು. ಪ್ರತಿಯೊಂದರಿಂದ ಪ್ರತಿಯೊಂದಕ್ಕೆ ಎಷ್ಟು ನಿಮಿಷ ಅಂತ ಸುಮಾರು 23.8 ಲಕ್ಷ ಅಂಕಿ. ಏಕಮುಖ ರಸ್ತೆಗಳಿರುವುದರಿಂದ ಹೋಗುವುದಕ್ಕೂ ಬರುವುದಕ್ಕೂ ಒಂದೇ ಅಂಕಿ ಬಳಸುವಂತಿಲ್ಲ. ಓಎಸ್‌ಆರ್‌ಎಂ ಸ್ವಂತ ಸರ್ವರ್‌ನಲ್ಲಿ ಓಡಿಸುವವರು ನೆನಪಿಡಿ: ಕೋಷ್ಟಕಕ್ಕೆ ಡಿಫಾಲ್ಟ್ ಮಿತಿ 100 ಬಿಂದು, ಅದನ್ನು ಸರ್ವರ್ ಆರಂಭಿಸುವಾಗಲೇ ಏರಿಸಬೇಕು.

ಎರಡನೇ_ಬೆಲ್

ಮೇಷ್ಟ್ರು ಹೇಳಿದ ಕೊನೆಯ ಪ್ಯಾರಾದಲ್ಲೇ ಇಡೀ ಯೋಜನೆ ಬದುಕುವುದೂ ಸಾಯುವುದೂ ಇದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕೋಷ್ಟಕದಲ್ಲಿ ಬರುವುದು ಖಾಲಿ ರಸ್ತೆಯಲ್ಲಿ ಕಾರು ಹೋಗುವ ಸಮಯ. ಬೆಳಿಗ್ಗೆ ಏಳೂವರೆಗೆ ಬಸ್ ಹೋಗುವ ಸಮಯ ಬೇರೆ. ಬಸ್‌ಗಳಲ್ಲಿ ಜಿಪಿಎಸ್ ಇದ್ದರೆ ಈಗಿನ ರೂಟ್‌ಗಳ ನಾಲ್ಕರಿಂದ ಆರು ವಾರಗಳ ದಾಖಲೆ ತೆಗೆದುಕೊಳ್ಳಿ, ರಜೆಯ ದಿನ, ಪರೀಕ್ಷೆಯ ದಿನ ಬಿಟ್ಟು. ರಸ್ತೆಗಳನ್ನು ಮುಖ್ಯರಸ್ತೆ, ಸಂಪರ್ಕ ರಸ್ತೆ, ಒಳಬೀದಿ ಅಂತ ಮೂರು ಗುಂಪು ಮಾಡಿ, ಅರ್ಧ ಗಂಟೆಗೊಂದರಂತೆ ಗುಣಕ ಹಾಕಿ. ನಕ್ಷೆ 10 ನಿಮಿಷ ಅಂದಲ್ಲಿ ಬಸ್ಸಿಗೆ 14 ಹಿಡಿದಿದ್ದರೆ ಗುಣಕ 1.4.

ನಿಲ್ಲುವ ಸಮಯ ಇದರಿಂದ ಬೇರೆ. ಆರಂಭಕ್ಕೆ ಪ್ರತಿ ಸ್ಟಾಪಿಗೆ 20 ಸೆಕೆಂಡ್, ಅದರ ಮೇಲೆ ಮಗುವಿಗೆ 3 ಸೆಕೆಂಡ್ ಅಂತಿಟ್ಟುಕೊಂಡು, ಅಳೆದು ತಿದ್ದಿಕೊಳ್ಳಿ. ನಾಲ್ಕು ಮಕ್ಕಳ ಸ್ಟಾಪಿಗೆ 32 ಸೆಕೆಂಡ್, ಅಂಥ 15 ಸ್ಟಾಪಿಗೆ 8 ನಿಮಿಷ. ಬಹಳಷ್ಟು ಕಡೆ ಈ ಖಾನೆ ಸೊನ್ನೆಯಲ್ಲೇ ಉಳಿದಿರುತ್ತದೆ.

ಈಗ ಸರಪಳಿ, ಅಂದರೆ ಒಂದೇ ಬಸ್ ಒಂದರ ಹಿಂದೊಂದು ಓಡುವ ಟ್ರಿಪ್‌ಗಳು. ಒಂದು ಬಸ್ 7:25ಕ್ಕೆ ಮೊದಲ ಶಾಲೆ, 5 ನಿಮಿಷ ಇಳಿಸಿ, 14 ನಿಮಿಷ ಖಾಲಿ ಓಡಿ, 7:44ಕ್ಕೆ ಎರಡನೇ ಟ್ರಿಪ್‌ನ ಮೊದಲ ಸ್ಟಾಪ್, 36 ನಿಮಿಷದಲ್ಲಿ 8:20ಕ್ಕೆ ಎರಡನೇ ಶಾಲೆ, ಬೆಲ್ 8:30. ಮೊದಲ ಟ್ರಿಪ್ 9 ನಿಮಿಷ ತಡವಾದರೆ ಎರಡನೆಯದರ ಪ್ರತಿ ಸ್ಟಾಪಿನಲ್ಲೂ ಮಕ್ಕಳು 9 ನಿಮಿಷ ಕಾಯುತ್ತಾರೆ, ಶಾಲೆ ಮುಟ್ಟುವುದು 8:29. ದಾರಿಯಲ್ಲಿ ಇನ್ನು ಎರಡು ನಿಮಿಷ ಹೋದರೆ ಬೆಲ್ ತಪ್ಪಿತು. ಬೇಗ ಬಂದರೆ? ಬಸ್ ಹೇಳಿದ ಹೊತ್ತಿಗಿಂತ ಮೊದಲು ಸ್ಟಾಪ್ ಬಿಡುವ ಹಾಗಿಲ್ಲ, ಆ ನಿಮಿಷಗಳು ಅಲ್ಲೇ ಕರಗಿಹೋಗುತ್ತವೆ. ಉಳಿಸಿದ ಸಮಯ ಮುಂದಕ್ಕೆ ಹೋಗುವುದಿಲ್ಲ, ತಡ ಮಾತ್ರ ಹೋಗುತ್ತದೆ.

ಅದಕ್ಕೇ ಸರಾಸರಿ ಸಮಯವನ್ನು ಹಾಕಬೇಡಿ ಅನ್ನುವುದು. ಸರಾಸರಿ ಹಾಕಿದರೆ ಸುಮಾರು ಅರ್ಧದಷ್ಟು ದಿನ ಟ್ರಿಪ್ ತಡವಾಗುತ್ತದೆ. ಪ್ರತಿ ಟ್ರಿಪ್ ಹೊತ್ತಿಗೆ ಸರಿಯಾಗಿ ಮುಗಿಯುವ ಸಾಧ್ಯತೆ 50% ಇದ್ದು, ಒಂದರ ತಡಕ್ಕೂ ಇನ್ನೊಂದರ ತಡಕ್ಕೂ ಸಂಬಂಧವಿಲ್ಲ ಅಂತಿಟ್ಟುಕೊಂಡರೆ, ಮೂರು ಟ್ರಿಪ್‌ನ ಸರಪಳಿಯಲ್ಲಿ ಮೂರೂ ಸರಿಯಾಗಿ ಮುಗಿಯುವ ದಿನಗಳು 12.5%. 85% ಇದ್ದರೆ 61%. 95% ಇದ್ದರೂ 86%. ನೂರಕ್ಕೆ 85 ದಿನ ಸಾಕಾಗುವಷ್ಟು ಸಮಯವನ್ನು ಟ್ರಿಪ್‌ಗೆ ಕೊಟ್ಟು, ಟ್ರಿಪ್‌ಗಳ ನಡುವೆ 5–8 ನಿಮಿಷ ಬಿಡುವನ್ನೂ ಇಡಿ. ಸಾಫ್ಟ್‌ವೇರ್ ಆ ಬಿಡುವನ್ನು ಪೋಲು ಎಂದು ತೋರಿಸುತ್ತದೆ. ತೋರಿಸಲಿ.

ಗೋಡೆನಕ್ಷೆ

ಹಾಗಾದರೆ 30 ಬಸ್ ಕಡಿಮೆ ಮಾಡುವ ಮಾತು? 150 ಬಸ್, ಎರಡು ಟ್ರಿಪ್, ಅಂದರೆ 300 ಟ್ರಿಪ್‌ಗೆ 9,000 ಮಕ್ಕಳು. ಟ್ರಿಪ್ಪಿಗೆ 30. ಸೀಟು 72 ಅಂತ ಬಸ್ಸಿನ ಮೇಲೇ ಬರೆದಿದೆ.

ಸ್ಟೇರಿಂಗ್‌ಪಕ್ಕ

ಆ 72 ಅನ್ನೋದು 24 ಬೆಂಚಿಗೆ ಮೂರು ಮೂರು ಮಕ್ಕಳು ಅನ್ನುವ ಲೆಕ್ಕ, ಸಣ್ಣ ಮಕ್ಕಳಿಗೆ ಸರಿ. ಹೈಸ್ಕೂಲ್ ಹುಡುಗರು ಬ್ಯಾಗ್ ಸಮೇತ ಬೆಂಚಿಗೆ ಇಬ್ಬರೇ. ಆಗ 48. ಸಾಫ್ಟ್‌ವೇರ್‌ನಲ್ಲಿ ಶಾಲೆಯ ಮಟ್ಟಕ್ಕೆ ತಕ್ಕ ಹಾಗೆ ಬೇರೆ ಬೇರೆ ಸಾಮರ್ಥ್ಯ ಹಾಕಿ.

ಇನ್ನು ಹೆಸರು ಕೊಟ್ಟವರೆಲ್ಲ ಬರಲ್ಲ. ಎರಡು ವಾರ ಡ್ರೈವರ್‌ಗಳಿಂದ ಪ್ರತಿ ಸ್ಟಾಪಿನಲ್ಲಿ ತಲೆ ಎಣಿಸಿ, ಬೆಳಿಗ್ಗೆ ಬೇರೆ, ಸಂಜೆ ಬೇರೆ. ಸರಾಸರಿ ಅಲ್ಲ, ಆ ಎರಡು ವಾರದಲ್ಲಿ ಅತಿ ಹೆಚ್ಚು ಬಂದ ದಿನದ ಸಂಖ್ಯೆಯನ್ನೇ ಯೋಜನೆಗೆ ಇಡಿ. ಮಳೆಗಾಲದಲ್ಲಿ ಸೈಕಲ್ ಹುಡುಗರೂ ಹತ್ತುತ್ತಾರೆ.

ಲೆಕ್ಕದ_ಮೇಷ್ಟ್ರು

ಸೀಟು ಖಾಲಿ ಇದೆ ಅಂದ ಮಾತ್ರಕ್ಕೆ ಬಸ್ ಖಾಲಿ ಅಲ್ಲ. ಊರ ನಡುವೆ ಮಾತ್ರ ಸೀಟು ಮೊದಲು ತುಂಬುತ್ತದೆ, ಅಂಚಿನಲ್ಲಿ ಸಮಯ ಮೊದಲು ತುಂಬುತ್ತದೆ. ಮಗು ಬಸ್ಸಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಕೂರಬಾರದು ಅಂತ ಮಿತಿ ಇದ್ದರೆ, ಚದುರಿದ ಮನೆಗಳ ನಡುವೆ 25 ಮಕ್ಕಳನ್ನು ಹತ್ತಿಸುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ.

ಬಸ್ ಉಳಿಯುವುದು ಹೆಚ್ಚಾಗಿ ರೂಟ್ ಜಾಣತನದಿಂದ ಅಲ್ಲ, ಶಾಲೆಯ ಬೆಲ್ ಸಮಯಗಳಿಂದ. 40 ಶಾಲೆಗಳೂ 8:30ಕ್ಕೇ ಶುರುವಾದರೆ ಪ್ರತಿ ಬಸ್ಸಿಗೂ ಒಂದೇ ಟ್ರಿಪ್. ಮೂರು ಹೊತ್ತಿಗೆ ಹಂಚಿದರೆ ಅದೇ ಬಸ್ ಮೂರು ಸಲ ದುಡಿಯುತ್ತದೆ. ಆದರೆ ಬೆಲ್ ಬದಲಾಯಿಸುವುದು ರೂಟ್ ತಜ್ಞರ ಕೈಯಲ್ಲಿಲ್ಲ. ಅಮೆರಿಕದ ಬಾಸ್ಟನ್ ನಗರದ ಸರ್ಕಾರಿ ಶಾಲೆಗಳ ಉದಾಹರಣೆ ನೋಡಿ. 2017ರಲ್ಲಿ ಎಂಐಟಿ ತಂಡದ ಅಲ್ಗಾರಿದಮ್‌ನಿಂದ ರೂಟ್‌ಗಳನ್ನು ಮಾಡಿ ಸುಮಾರು 50 ಬಸ್ ಕಡಿಮೆ ಮಾಡಿದರು. ಅದೇ ವರ್ಷದ ಕೊನೆಗೆ ಶಾಲೆಗಳ ಆರಂಭದ ಹೊತ್ತನ್ನೂ ಅಲ್ಗಾರಿದಮ್‌ನಿಂದ ನಿಗದಿ ಮಾಡಲು ಹೊರಟಾಗ ಪೋಷಕರು ಎದ್ದು ನಿಂತರು, ಯೋಜನೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಕಿಟಕಿಸೀಟು

ಬಾಸ್ಟನ್ ಹೇಳಿದ ಮೇಲೆ ಲೂಯಿವಿಲ್ ಹೇಳದಿದ್ದರೆ ಹೇಗೆ. ಅಮೆರಿಕದ ಕೆಂಟಕಿಯಲ್ಲಿ ಲೂಯಿವಿಲ್ ನಗರ ಇರುವ ಜೆಫರ್ಸನ್ ಕೌಂಟಿಯ ಶಾಲೆಗಳು, ಆಗಸ್ಟ್ 9, 2023, ಶಾಲೆಯ ಮೊದಲ ದಿನ. ಡ್ರೈವರ್ ಕೊರತೆ ಅಂತ ರೂಟ್‌ಗಳನ್ನು ಸುಮಾರು 730ರಿಂದ 600ಕ್ಕೆ ಇಳಿಸಿದ್ದರು, ಹೊಸ ಕಂಪ್ಯೂಟರ್ ರೂಟ್‌ಗಳು, ಜೊತೆಗೆ ಹೊಸ ಬೆಲ್ ಸಮಯಗಳು. ಕೊನೆಯ ಮಕ್ಕಳು ಮನೆ ಸೇರಿದಾಗ ರಾತ್ರಿ ಹತ್ತರ ಹತ್ತಿರ. ಮರುದಿನದಿಂದ ಶಾಲೆಗೇ ರಜೆ, ಒಂದು ವಾರ ದಾಟಿದ ಮೇಲೆ ಹಂತ ಹಂತವಾಗಿ ತೆರೆದರು.

ಗೋಡೆನಕ್ಷೆ ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಇದೇ ನನ್ನ ಉತ್ತರ. ಸಾಫ್ಟ್‌ವೇರ್, ಬಸ್ ಸಂಖ್ಯೆ, ಬೆಲ್ ಸಮಯ: ಈ ಮೂರರಲ್ಲಿ ಒಂದು ವರ್ಷಕ್ಕೆ ಒಂದನ್ನೇ ಬದಲಾಯಿಸಿ. ಮೊದಲ ವರ್ಷ ಈಗಿನ ರೂಟ್‌ಗಳನ್ನೇ ಹಾಗ್ಹಾಗೇ ಸಾಫ್ಟ್‌ವೇರ್‌ಗೆ ಏರಿಸಿ. ಈಗಿನ ರೂಟಿಗೆ ಅದು ಹೇಳುವ ಸಮಯಕ್ಕೂ ಬಸ್ ನಿಜಕ್ಕೂ ತೆಗೆದುಕೊಳ್ಳುವ ಸಮಯಕ್ಕೂ ತಾಳೆಯಾಗದಿದ್ದರೆ, ಅದು ಹೇಳುವ ಹೊಸ ರೂಟನ್ನು ನಂಬುವುದು ಹೇಗೆ?

ಲೆಕ್ಕದ_ಮೇಷ್ಟ್ರು

ಮೇಡಂ, ಹಳೇ ರೂಟ್ ಏರಿಸಿ ತಾಳೆ ನೋಡುವುದಕ್ಕೆ ನನ್ನದೂ ಒಪ್ಪಿಗೆ. ಆದರೆ "ಹಂತ ಹಂತವಾಗಿ" ಅಂದರೆ ಎಲ್ಲರೂ "ಮೊದಲು ಐದು ಶಾಲೆ, ಆಮೇಲೆ ಹತ್ತು" ಅಂತ ತಿಳಿಯುತ್ತಾರೆ. ಅದು ಆಗದ ಮಾತು. ಒಂದೇ ಬಸ್ ಬೆಳಿಗ್ಗೆ ಎರಡು ಶಾಲೆಗೆ ಓಡುತ್ತದೆ. ಒಂದು ಶಾಲೆ ಹೊಸ ಪದ್ಧತಿಗೆ, ಇನ್ನೊಂದು ಹಳೇ ಹಾಳೆಗೆ ಅಂದರೆ ಆ ಬಸ್ಸಿನ ಎರಡನೇ ಟ್ರಿಪ್ ಯಾರ ಲೆಕ್ಕಕ್ಕೆ?

ಕಿಟಕಿಸೀಟು

ಶಾಲೆಯ ಲೆಕ್ಕದಲ್ಲಿ ಒಡೆಯಬೇಡಿ, ಬಸ್ ಹಂಚಿಕೆಯ ಲೆಕ್ಕದಲ್ಲಿ ಒಡೆಯಿರಿ. ಯಾವ ಶಾಲೆಗಳು ಯಾವ ಬಸ್‌ಗಳನ್ನು ಹಂಚಿಕೊಳ್ಳುತ್ತವೆ ಅಂತ ಗೆರೆ ಎಳೆಯುತ್ತಾ ಹೋದರೆ ಗುಂಪುಗಳು ತಾವಾಗೇ ಕಾಣುತ್ತವೆ, ಸಾಮಾನ್ಯವಾಗಿ ಒಂದೊಂದು ಡಿಪೊದ ಸುತ್ತ. ಗುಂಪುಗಳ ನಡುವೆ ಓಡುವ ಏಳೆಂಟು ಬಸ್‌ಗಳಿದ್ದರೆ ಒಂದು ವರ್ಷದ ಮಟ್ಟಿಗೆ ಅವನ್ನು ಒಂದೇ ಗುಂಪಿಗೆ ಕಟ್ಟಿಹಾಕಿ. ಮೂರು ಡಿಪೊ ಇದ್ದರೆ ಮೂರು ಹಂತ.

ಲೆಕ್ಕದ_ಮೇಷ್ಟ್ರು

ಸರಿ, ಇದನ್ನು ಒಪ್ಪುತ್ತೇನೆ. ಹಾಗೆ ಕಟ್ಟಿಹಾಕಿದ ವರ್ಷ ಒಂದೆರಡು ಬಸ್ ಹೆಚ್ಚೇ ಬೇಕಾಗುತ್ತವೆ, ಅದನ್ನು ಮೊದಲೇ ಮೇಲಿನವರಿಗೆ ಬರೆದುಕೊಡಿ.

ಸ್ಟೇರಿಂಗ್‌ಪಕ್ಕ

ಡ್ರೈ ರನ್ ಬಗ್ಗೆ ಯಾರೂ ಹೇಳಿಲ್ಲ. ಶಾಲೆ ತೆರೆಯುವ ಮೊದಲು ಪ್ರತಿ ಡ್ರೈವರ್ ತನ್ನ ರೂಟನ್ನು ಮಕ್ಕಳಿಲ್ಲದೆ ಎರಡು ಸಲ ಓಡಿಸಬೇಕು, ಒಂದು ಸಲವಾದರೂ ನಿಜವಾದ ಹೊತ್ತಿನಲ್ಲೇ. ಮಧ್ಯಾಹ್ನ ಹನ್ನೊಂದಕ್ಕೆ ಓಡಿಸಿ ಸಹಿ ಹಾಕಿಸಿಕೊಂಡರೆ ಪ್ರಯೋಜನ ಇಲ್ಲ. ಕೈಯಲ್ಲಿ ಹಾಳೆ ಇರಲಿ: ಸ್ಟಾಪಿನ ಕ್ರಮ, ಅಂದಾಜು ಹೊತ್ತು, ನಿಜವಾದ ಹೊತ್ತು, ತಿರುವಿನಲ್ಲಿ ತೊಂದರೆ ಇದೆಯೇ, ಮಕ್ಕಳು ನಿಲ್ಲಲು ಜಾಗ ಇದೆಯೇ, ದಾಟಬೇಕೇ. ಆ ಹಾಳೆಯಲ್ಲಿ ಬಂದದ್ದನ್ನು ಮೂರು ದಿನದೊಳಗೆ ಸಾಫ್ಟ್‌ವೇರ್‌ಗೆ ಹಾಕದಿದ್ದರೆ ಮುಂದಿನ ಸಲ ಯಾರೂ ಬರೆದುಕೊಡಲ್ಲ. ಮೊಬೈಲ್ ಪರದೆಯ ಮೇಲಿನ ದಾರಿ ಮಾತ್ರ ಸಾಲದು, ಎಡ ಬಲ ಬರೆದ ಕಾಗದವೂ ಬೇಕು. ಬದಲಿ ಡ್ರೈವರ್ ಬಂದ ದಿನ ಅದೇ ಆಧಾರ.

ಕಿಟಕಿಸೀಟು

ವಿಶೇಷ ಅಗತ್ಯದ ಮಕ್ಕಳನ್ನು ಯಂತ್ರದ ಮೊದಲ ಓಟಕ್ಕೆ ಹಾಕಬೇಡಿ. ಗಾಲಿಕುರ್ಚಿ ಕಟ್ಟಲು ಸೆಕೆಂಡ್ ಅಲ್ಲ, ನಿಮಿಷಗಳ ಲೆಕ್ಕ, ಲಿಫ್ಟ್ ಇಳಿಸಿ ಏರಿಸಿ ನಾಲ್ಕು ಮೂಲೆ ಬಿಗಿಯುವಷ್ಟು. ಜೊತೆಗೆ ಸಹಾಯಕರು, ಮನೆ ಬಾಗಿಲಿನಿಂದಲೇ ಹತ್ತಿಸುವುದು, ಕೆಲವರಿಗೆ ಗದ್ದಲ ಆಗದು ಅಂತ ಕಡಿಮೆ ಮಕ್ಕಳ ಬಸ್. ಈ ರೂಟ್‌ಗಳನ್ನು ಮೊದಲು ಕೈಯಾರೆ ಮಾಡಿ, ಬೀಗ ಹಾಕಿ, ಉಳಿದ ಬಸ್‌ಗಳನ್ನು ಮಾತ್ರ ಯಂತ್ರಕ್ಕೆ ಕೊಡಿ. ರೂಟ್‌ಗೆ ಬೀಗ ಹಾಕುವ ಸೌಲಭ್ಯ ಇಲ್ಲದ ಸಾಫ್ಟ್‌ವೇರ್ ತೆಗೆದುಕೊಳ್ಳಲೇಬೇಡಿ.

ಸಂಜೆಯ ರೂಟ್ ಅಂದರೆ ಬೆಳಗಿನದ್ದನ್ನು ತಿರುವಿಹಾಕಿದ್ದು ಅಂತಲೂ ತಿಳಿಯಬೇಡಿ. ಬೆಳಿಗ್ಗೆ ಒಂದೊಂದಾಗಿ ಹತ್ತಿದವರು ಸಂಜೆ ಒಟ್ಟಿಗೆ ಹತ್ತುತ್ತಾರೆ. ಮೊದಲ ವಾರ ಯಾವ ಮಗು ಯಾವ ಬಸ್ ಅಂತ ತಿಳಿಯುವಷ್ಟರಲ್ಲಿ ಶಾಲೆಯ ಅಂಗಳದಲ್ಲೇ 15–20 ನಿಮಿಷ ಹೋಗುತ್ತದೆ, ಸರಪಳಿಯ ಮುಂದಿನ ಶಾಲೆ ಕಾಯುತ್ತಿರುತ್ತದೆ. ಪುಟ್ಟ ಮಕ್ಕಳನ್ನು ದೊಡ್ಡವರ ಕೈಗೇ ಒಪ್ಪಿಸಬೇಕು. ಸ್ಟಾಪಿನಲ್ಲಿ ಯಾರೂ ಇಲ್ಲದಿದ್ದರೆ ಮಗು ಬಸ್ಸಿನಲ್ಲೇ ಉಳಿಯುತ್ತದೆ, ಕೊನೆಯಲ್ಲಿ ಶಾಲೆಗೆ ವಾಪಸ್. ಆ ವಾಪಸ್ ಓಟಕ್ಕೆ ಬಸ್ ಯಾವುದು, ಶಾಲೆಯಲ್ಲಿ ಕಾಯುವವರು ಯಾರು ಅಂತ ಮೊದಲೇ ಗೊತ್ತಿರಬೇಕು. ಪುಟ್ಟವರ ಬ್ಯಾಗಿಗೆ ರೂಟಿನ ಬಣ್ಣದ ಚೀಟಿ ಕಟ್ಟಿ, ಅದರ ಮೇಲೆ ರೂಟ್ ಸಂಖ್ಯೆ ಮಾತ್ರ ಇರಲಿ, ಹೆಸರು ವಿಳಾಸ ಹೊರಗೆ ಕಾಣಬಾರದು.

ಅಕ್ಷಾಂಶ_ರೇಖಾಂಶ

ದಾಖಲಾತಿಯ ಕಡೆಯಿಂದ ಒಂದು ಗಡುವು ಬೇಕು. ಶಾಲೆ ತೆರೆಯುವ ಮೂರು ವಾರ ಮೊದಲು ಪಟ್ಟಿಯನ್ನು ನಿಲ್ಲಿಸಿ. ಅದರ ಆಮೇಲೆ ಸೇರಿದವರು, ಮನೆ ಬದಲಾಯಿಸಿದವರು ಕಾಯುವ ಪಟ್ಟಿಗೆ, ವಾರಕ್ಕೊಂದು ಗೊತ್ತಾದ ದಿನ ಮಾತ್ರ ರೂಟ್ ಬದಲಾವಣೆ. ದಿನಾ ಬದಲಾಯಿಸುತ್ತಾ ಕೂತರೆ ಡ್ರೈವರ್ ಕೈಯಲ್ಲಿನ ಹಾಳೆ ಒಂದು, ಪೋಷಕರ ಆ್ಯಪ್‌ನಲ್ಲಿ ಇನ್ನೊಂದು. ಹೊಸ ಮಗುವನ್ನು ಸೇರಿಸುವಾಗ ಇಡೀ ಲೆಕ್ಕವನ್ನು ಮತ್ತೆ ಓಡಿಸಬೇಡಿ. ಒಂದು ಮಗುವಿಗಾಗಿ ನಲವತ್ತು ಸ್ಟಾಪ್‌ಗಳ ಹೊತ್ತು ಕದಲುತ್ತದೆ.

ಒಪ್ಪಂದದಲ್ಲಿ ಒಂದು ಸಾಲು ನೋಡಿಕೊಳ್ಳಿ: ತಿದ್ದಿದ ನಕ್ಷೆ, ಸ್ಟಾಪ್ ಪಟ್ಟಿ, ವೇಗದ ಗುಣಕಗಳು ಎಲ್ಲವೂ ನಿಮ್ಮವೇ, ಬೇಕಾದಾಗ ಸಾಮಾನ್ಯ ಫೈಲ್ ಆಗಿ ಕೊಡಬೇಕು.

ಗೋಡೆನಕ್ಷೆ

ಎಲ್ಲರಿಗೂ ಧನ್ಯವಾದ. ಕೊನೆಯದು: ಮೊದಲ ವಾರಕ್ಕೆ ಎಷ್ಟು ಬಸ್ ಹೆಚ್ಚುವರಿ ಇಟ್ಟುಕೊಳ್ಳಲಿ?

ಎರಡನೇ_ಬೆಲ್

ಕೆಟ್ಟು ನಿಲ್ಲುವ ಬಸ್‌ಗಳ ಬದಲಿಗೆ ಎಂದು ಇರುವುದನ್ನು ಇದರಲ್ಲಿ ಎಣಿಸಬೇಡಿ, ಅದು ಬೇರೆ ಬಾಬ್ತು. ತಡ ನುಂಗುವುದಕ್ಕೆ ಅಂತ 150ಕ್ಕೆ ಎಂಟಾದರೂ ಇರಲಿ, ಡ್ರೈವರ್ ಸಮೇತ. ಡಿಪೊದಲ್ಲಿ ನಿಲ್ಲಿಸಬೇಡಿ. ಸಮಯ ಹೆಚ್ಚು ಬಿಗಿಯಾಗಿರುವ ಸರಪಳಿಗಳನ್ನು ಸಾಫ್ಟ್‌ವೇರ್‌ನಿಂದಲೇ ತೆಗೆದು, ಅವುಗಳ ಎರಡನೇ ಟ್ರಿಪ್‌ನ ಮೊದಲ ಸ್ಟಾಪಿನ ಹತ್ತಿರ ನಿಲ್ಲಿಸಿ. ಮೊದಲ ಟ್ರಿಪ್ 10 ನಿಮಿಷ ತಡ ಎಂದು ಜಿಪಿಎಸ್ ತೋರಿಸಿದ ಕೂಡಲೇ ಎರಡನೇ ಟ್ರಿಪ್ಪನ್ನು ಈ ಬಸ್ ಎತ್ತಿಕೊಳ್ಳಲಿ, ತಡವಾದ ಬಸ್ ಬಂದು ಅದರ ಜಾಗಕ್ಕೆ ನಿಲ್ಲಲಿ. ಯಾರನ್ನೂ ಕೇಳದೆ ಈ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ನಿಯಂತ್ರಣ ಕೊಠಡಿಯಲ್ಲಿ ಕೂತವರಿಗೆ ಇರಬೇಕು. ಏಳೂಮುಕ್ಕಾಲಿಗೆ ಮೇಲಧಿಕಾರಿಗೆ ಫೋನ್ ಮಾಡಿ ಅನುಮತಿ ಕೇಳುವಷ್ಟರಲ್ಲಿ ಎಂಟು ಗಂಟೆ ಆಗಿರುತ್ತದೆ.